ಹೆಸರು ಹೇಳಿ ಮಾಡಿದ ಪ್ರಾರ್ಥನೆ

ಗಾವ್ ಅವರ ಗುಟ್ಟನ್ನು ಹೊರಗೆ ಹಾಕಿದವಳು ನಾನು. ಮಿನ್ ಅಲ್ಲ. ನಾಲ್ಕು ವರ್ಷ ಆ ಹುಡುಗಿ ಹೊತ್ತುಕೊಂಡು ತಿರುಗಿದ್ದು ನನ್ನ ತಪ್ಪನ್ನು. ಅವಳು ಹೊತ್ತಿದ್ದಾಳೆಂದು ಗೊತ್ತಿದ್ದೂ ನಾನು ಪ್ರತಿ ಶುಕ್ರವಾರ ಪೂಜೆಗೆ ಹೋಗಿದ್ದೇನೆ, ಪರಮಪ್ರಸಾದ ಸ್ವೀಕರಿಸಿದ್ದೇನೆ, ಮನೆಗೆ ಬಂದು ಊಟ ಮಾಡಿ ಮಲಗಿದ್ದೇನೆ. ನಿದ್ದೆಯೂ ಬಂದಿದೆ. ಬರಲಿಲ್ಲ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟೀತು. ಆದರೆ ಬಂದಿದೆ.

ನಾನು ಹಿಲ್ಡಾ, ಕಾರ್ಕಳದ ಕಡೆಯವಳು, ಈಗ ಐವತ್ತಮೂರು. ಮದುವೆಯಾಗಲಿಲ್ಲ — ಆಗಲಿಲ್ಲ ಅಷ್ಟೆ, ಅದಕ್ಕೊಂದು ದೊಡ್ಡ ಕಥೆಯೇನಿಲ್ಲ. ಕತಾರಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಇದೆಲ್ಲ ನಡೆದಾಗ ದೋಹಾ ಪಕ್ಕದ ಲುಸೈಲಿನಲ್ಲಿ ಚೀನಾದ ಕಂಪನಿಯೊಂದರ ಸೈಟ್ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಯಾವ ನಕ್ಷೆ ಯಾರ ಕೈಗೆ ಹೋಯಿತು, ಯಾರು ಸಹಿ ಹಾಕಿದರು ಎಂಬುದನ್ನು ಕಾಯುವ ಕೆಲಸ. ಸಹಿಯಿಲ್ಲದೆ ಒಂದು ಹಾಳೆಯೂ ನನ್ನ ಮೇಜಿನಿಂದ ಹೊರಗೆ ಹೋದದ್ದಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಗಾವ್ ಅಲ್ಲಿ ದೊಡ್ಡ ಇಂಜಿನಿಯರ್. ಹೆಚ್ಚು ಮಾತಿಲ್ಲದ ಮನುಷ್ಯ. ಒಂದು ಬೂದಿ ಬುಧವಾರ — ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರುವಾಗುವ ದಿನ — ನಾನು ಬೆಳಗಿನ ಪೂಜೆ ಮುಗಿಸಿ ನೇರ ಆಫೀಸಿಗೆ ಬಂದಿದ್ದೆ, ಹಣೆಯ ಮೇಲೆ ಗುರುಗಳು ಹಚ್ಚಿದ ಬೂದಿ. ದಿನವಿಡೀ ಒಬ್ಬೊಬ್ಬರೂ ಬಂದು, "ಮೇಡಂ, ಮುಖಕ್ಕೆ ಏನೋ ಕೊಳೆ ತಾಗಿದೆ" ಎಂದರು. ಒಬ್ಬನಂತೂ ಟಿಶ್ಯೂ ಕೊಟ್ಟ. ಸಂಜೆ ಗಾವ್ ಒಂದು ನಕ್ಷೆ ಹಿಡಿದುಕೊಂಡು ಬಂದು, ನಕ್ಷೆಯನ್ನೇ ನೋಡುತ್ತ, ಮೆಲ್ಲನೆ ಕೇಳಿದರು, "ನಿಮ್ಮ ಚರ್ಚಿನಲ್ಲಿ ಚೀನಾದವರೂ ಇದ್ದಾರಾ?"

ಇದ್ದರು. ದೋಹಾದಲ್ಲಿ ಎಲ್ಲ ಇಗರ್ಜಿಗಳೂ ಒಂದೇ ಆವರಣದೊಳಗೆ. ಅಲ್ಲಿ ಒಂದು ಚಿಕ್ಕ ಕೋಣೆಯಲ್ಲಿ, ಇಲ್ಲಿಯ ವಾರದ ರಜೆಯಾದ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಇಪ್ಪತ್ತು ಮಂದಿ ಚೀನೀಯರು ಸೇರುತ್ತಿದ್ದರು. ನಮ್ಮ ಕಥೋಲಿಕರಲ್ಲ, ಬೇರೆ ಸಭೆಯವರು. ಗಾವ್‌ಗೆ ಒಬ್ಬರೇ ಹೋಗಲು ಹೆದರಿಕೆ. ಅವರು ಚೀನಾದ ಆಳುವ ಪಕ್ಷದ ಸದಸ್ಯ, ಆ ಪಕ್ಷದವರು ಯಾವ ಧರ್ಮಕ್ಕೂ ಸೇರುವಂತಿಲ್ಲ. ತನಗೆ ಯಾವ ದೇವರಲ್ಲೂ ನಂಬಿಕೆಯಿಲ್ಲ ಎಂದು ಹಿಂದೆಯೇ ಬರೆದುಕೊಟ್ಟಿದ್ದರಂತೆ. ಆದರೆ ಅವರ ಅಜ್ಜಿ ವಿಶ್ವಾಸಿ. ಚಿಕ್ಕಂದಿನಲ್ಲಿ ಅವಳು ಇವರನ್ನು ಹೊದಿಕೆಯೊಳಗೆ ಸೇರಿಸಿಕೊಂಡು ಕಿವಿಯಲ್ಲಿ ಕೀರ್ತನೆ ಹಾಡುತ್ತಿದ್ದಳು. "ರಾಗ ನೆನಪಿದೆ, ಮಾತು ಮರೆತುಹೋಗಿದೆ" ಎಂದರು. ನಾನು ಜೊತೆಗೆ ಹೋದೆ.

ಒಮ್ಮೆ ಹೋದವಳು ಆಮೇಲೆ ಹೋಗುವುದನ್ನು ಬಿಡಲಿಲ್ಲ. ನಿಜ ಹೇಳಬೇಕೆಂದರೆ — ಶುಕ್ರವಾರ ಮಧ್ಯಾಹ್ನ ಎಂಬುದು ಒಂಟಿ ಹೆಂಗಸಿಗೆ ಬಹಳ ಉದ್ದದ ಹೊತ್ತು. ನಮ್ಮ ಪೂಜೆ ಬೆಳಿಗ್ಗೆಯೇ ಮುಗಿಯುತ್ತದೆ, ಮುಗಿದ ಮೇಲೆ ಎಲ್ಲರೂ ಅವರವರ ಮಕ್ಕಳನ್ನು ಕರೆದುಕೊಂಡು ಅವರವರ ಕಾರು ಹತ್ತುತ್ತಾರೆ. "ಬಾ ಹಿಲ್ಡಾ ಬಾಯಿ, ಡ್ರಾಪ್ ಕೊಡ್ತೇವೆ" ಎಂದು ಕರೆಯುತ್ತಾರೆ. ಬಾಯಿ ಎಂದರೆ ನಮ್ಮಲ್ಲಿ ಅಕ್ಕ. ಅಕ್ಕ ಎಂದು ಕರೆದು ನನ್ನ ಕೋಣೆಯ ಬಾಗಿಲಿಗೆ ಬಿಟ್ಟು ಹೋಗುತ್ತಾರೆ, ಅವರ ತಪ್ಪಲ್ಲ. ಚೀನೀಯರ ಕೋಣೆಯಲ್ಲಿ ಮಾತ್ರ ಪ್ರಾರ್ಥನೆ ಮುಗಿದ ಮೇಲೆ ಯಾರೂ ಏಳುತ್ತಿರಲಿಲ್ಲ. ಮೇಜುಗಳನ್ನು ಜೋಡಿಸಿ, ಎಲೆಕೋಸಿನ ಸಾರಿನ ದೊಡ್ಡ ಪಾತ್ರೆ ಇಟ್ಟು, ಹಬೆಯಲ್ಲಿ ಬೇಯಿಸಿದ ಬಿಳಿ ಬನ್ನು ಹಂಚಿ, ಸಂಜೆಯವರೆಗೆ ಕೂತು ಉಣ್ಣುತ್ತಿದ್ದರು. ನನ್ನನ್ನು ಹಿಲ್ಡಾ ಜಿಮೇ ಎಂದು ಕರೆದರು. ಜಿಮೇ ಎಂದರೆ ಸಹೋದರಿ. ನನ್ನ ಬಟ್ಟಲು ಖಾಲಿಯಾಗಲು ಬಿಡುತ್ತಿರಲಿಲ್ಲ. ಅವರ ಮಾತು ನನಗೆ ತಿಳಿಯುತ್ತಿರಲಿಲ್ಲ, ತಿಳಿಯದಿರುವುದೇ ಹಿತವಾಗಿತ್ತು.

ಆ ಕೋಣೆಗೆ ಅದರದೇ ಕಟ್ಟುನಿಟ್ಟು. ಬಂದ ಕೂಡಲೇ ಫೋನುಗಳು ಬಾಗಿಲ ಪಕ್ಕದ ಬುಟ್ಟಿಗೆ, ಮೇಲೆ ದಪ್ಪ ಟವೆಲ್. ಫೋಟೋ ಇಲ್ಲ. ಯಾವ ಕಂಪನಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ನಮ್ಮವರನ್ನು ನೋಡಿ ಬೆಳೆದ ನನಗೆ ಇದು ವಿಚಿತ್ರ — ನಾವು ಯಾವ ಊರು, ಯಾರ ಮಗಳು, ತಾಯಿಯ ಮನೆ ಯಾವುದು ಎಂದು ತಿಳಿಯದೆ ಒಂದು ಲೋಟ ನೀರೂ ಕುಡಿಯುವವರಲ್ಲ. ಇನ್ನೂ ವಿಚಿತ್ರ ಅವರ ಪ್ರಾರ್ಥನೆ. ನಮ್ಮಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಉತ್ತರಿಸುತ್ತಾರೆ. ಅಲ್ಲಿ ಇಪ್ಪತ್ತು ಜನರೂ ಒಟ್ಟಿಗೇ, ಗಟ್ಟಿಯಾಗಿ, ತಮ್ಮತಮ್ಮ ಪ್ರಾರ್ಥನೆ ಶುರುಮಾಡುತ್ತಿದ್ದರು. ಕೆಲವರು ಅಳುತ್ತಿದ್ದರು. ಮೊದಲ ದಿನ ನನಗೆ ಮೀನು ಮಾರ್ಕೆಟಿನಲ್ಲಿ ಕೂತ ಹಾಗಾಯಿತು. ಆ ಗುಂಪನ್ನು ನಡೆಸುತ್ತಿದ್ದ ಸಿಸ್ಟರ್ ಜೋ — ಇಲ್ಲೇ ವ್ಯಾಪಾರ ಮಾಡಿಕೊಂಡಿದ್ದವನ ಹೆಂಡತಿ, ಗಟ್ಟಿ ಹೆಂಗಸು — ನನ್ನ ಮುಖ ನೋಡಿ ನಕ್ಕು ಹೇಳಿದಳು, "ದೇವರಿಗೆ ಎಲ್ಲ ಕೇಳುತ್ತದೆ. ಪಕ್ಕದವರಿಗೆ ಕೇಳಬೇಕಾಗಿಲ್ಲ."

ಅದನ್ನು ನಾನು ತಮಾಷೆ ಎಂದುಕೊಂಡೆ.

ಒಂದು ವರ್ಷ ಕಳೆಯಿತು. ಮುಂದಿನ ಈಸ್ಟರ್‌ಗೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾಗುವುದೆಂದು ಗಾವ್ ನಿರ್ಧರಿಸಿದರು. ಈ ವಿಷಯ ಗೊತ್ತಿದ್ದದ್ದು ಮೂವರಿಗೆ. ಸಿಸ್ಟರ್ ಜೋಗೆ, ನನಗೆ, ಮತ್ತು ಅವರ ಜೊತೆಗೇ ದೀಕ್ಷಾಸ್ನಾನಕ್ಕೆ ತಯಾರಾಗುತ್ತಿದ್ದ ಮಿನ್‌ಗೆ. ಮಿನ್‌ಗೆ ಆಗ ಇಪ್ಪತ್ತಾರು. ನಮ್ಮದೇ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದಳು, ಗುಂಪಿಗೆ ಸೇರಿ ಆರು ತಿಂಗಳಷ್ಟೇ. ಏನು ಕೇಳಿದರೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು — ಬೋಧನೆ, ಹಾಡು, ಯಾರೋ ಹೇಳಿದ ಸಾಕ್ಷಿ, ಎಲ್ಲ. ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ; ಪ್ರತಿ ಭಾನುವಾರ ಆಫೀಸಿನಲ್ಲಿ ನನ್ನ ಮೇಜಿನ ಮುಂದೆ ಹಾದುಹೋಗುವಾಗ ಯಾರಿಗೂ ಕಾಣದ ಹಾಗೆ ನಗುತ್ತಿದ್ದಳು. ಅಂಥ ಒಂದು ನಗು ಸಿಕ್ಕರೆ ನನಗೆ ಆ ವಾರ ಕಳೆಯುತ್ತಿತ್ತು.

ಈಗ ಬರೆಯಲಾಗದ್ದನ್ನು ಬರೆಯಬೇಕು.

ಉಮ್ಮ್ ಸಲಾಲಿನಲ್ಲಿ ಜೆಸಿಂತಾ ಬಾಯಿಯ ಮನೆ. ಅಲ್ಲಿ ಬುಧವಾರ ಸಂಜೆ ನಾವು ಎಂಟು ಹತ್ತು ಹೆಂಗಸರು ಸೇರಿ ತೇರ್ಸ್ — ಜಪಸರ — ಹೇಳುತ್ತಿದ್ದೆವು. ಕೊನೆಗೆ ಒಬ್ಬೊಬ್ಬರಾಗಿ ತಮ್ಮ ಬೇಡಿಕೆಯನ್ನು ಗಟ್ಟಿಯಾಗಿ ಹೇಳುವುದು ಪದ್ಧತಿ. ಮಗನ ಹನ್ನೆರಡನೆಯ ತರಗತಿಯ ಪರೀಕ್ಷೆ, ಗಂಡನ ವೀಸಾ, ಅತ್ತೆಯ ಮೊಣಕಾಲಿನ ಆಪರೇಷನ್, ಸೊಸೆಗೆ ಹೆರಿಗೆ. ಪ್ರತಿಯೊಂದಕ್ಕೂ ಎಲ್ಲರೂ ಅಯ್ಯೋ ಎನ್ನುತ್ತಾರೆ, ಹೌದಾ ಎನ್ನುತ್ತಾರೆ, ಆಮೇಲೆ ಚಹಾ ಕುಡಿಯುವಾಗ ಅದೇ ಮಾತು. ನನ್ನ ಸರದಿ ಬಂದಾಗ ಹನ್ನೊಂದು ವರ್ಷದಿಂದ ನಾನು ಹೇಳುತ್ತಿದ್ದದ್ದು ಒಂದೇ — "ಎಲ್ಲರ ಒಳ್ಳೆಯದಕ್ಕಾಗಿ." ಆಮೆನ್. ಮುಂದಿನವರು. ಅಷ್ಟರಲ್ಲಿ ನನ್ನ ಬದುಕು ಮುಗಿದುಹೋಗುತ್ತಿತ್ತು. ಯಾರೂ ತಿರುಗಿ ನೋಡುತ್ತಿರಲಿಲ್ಲ, ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಆ ವರ್ಷ ತಪಸ್ಸುಕಾಲದ ಮೊದಲ ವಾರ ನನ್ನ ಸರದಿ ಬಂತು. ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ನಮ್ಮ ಆಫೀಸಿನ ಒಬ್ಬ ದೊಡ್ಡ ಇಂಜಿನಿಯರಿಗಾಗಿ. ಚೀನಾದವರು. ಗುಟ್ಟಾಗಿ ದೀಕ್ಷಾಸ್ನಾನ ತಗೊಳ್ತಾರೆ. ಆಫೀಸಿನಲ್ಲಿ ಗೊತ್ತಾದರೆ ಅವರ ಕೆಲಸ ಖಲಾಸ್. ಯಾರಿಗೂ ಗೊತ್ತಾಗದ ಹಾಗೆ ದೇವರು ಕಾಪಾಡಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ಎಂಟು ಮುಖ, ಹದಿನಾರು ಕಣ್ಣು. ಜೆಸಿಂತಾ ಬಾಯಿ ಕೈಯಲ್ಲಿದ್ದ ಜಪಸರ ಹಾಗೇ ಹಿಡಿದುಕೊಂಡು, "ದೇವಾ! ಎಂತ ಮಾರಾಯ್ತಿ, ಇಷ್ಟು ದಿನ ಹೇಳಲೇ ಇಲ್ಲ ನೀನು! ಹೆಸರು ಎಂತ ಅವರದ್ದು? ಹೆಸರು ಹೇಳಿ ಪ್ರಾರ್ಥಿಸಿದರೆ ಶಕ್ತಿ ಉಂಟಲ್ಲ" ಎಂದಳು.

ಹೆಸರು ಹೇಳಿದೆ.

ಬಾಯಿ ತಪ್ಪಿ ಬಂತು ಎಂದು ಬರೆಯಲು ಕೈ ಹೋಗುತ್ತಿದೆ. ಆದರೆ ತಪ್ಪಿ ಬಂದರೆ ಒಮ್ಮೆ ಬರಬೇಕು. ನಾನು ನಾಲ್ಕು ಬುಧವಾರ ಹೇಳಿದೆ. ಎರಡನೆಯ ವಾರ ನಾನು ಒಳಗೆ ಕಾಲಿಡುವ ಮೊದಲೇ, "ಹಿಲ್ಡಾ ಬಾಯಿ, ನಿಮ್ಮ ಗಾವ್ ಸಾಹೇಬರು ಹೇಗಿದ್ದಾರೆ?" ಎಂಬ ಪ್ರಶ್ನೆ. ಚಹಾ ಮೊದಲು ನನಗೆ ಬಂತು, ಸೋಫಾದಲ್ಲಿ ನಡುವಿನ ಜಾಗ. ನಾನು ಅವರ ಅಜ್ಜಿಯ ಕಥೆ ಹೇಳಿದೆ. ಮೂರನೆಯ ವಾರ ಅವರ ಹೆಂಡತಿಗೂ ವಿಷಯ ಗೊತ್ತಿಲ್ಲ ಎಂಬುದನ್ನು ಹೇಳಿದೆ. ಅದನ್ನು ಗಾವ್ ನನಗೆ ಹೇಳಿದ್ದು ಮೆಟ್ಟಿಲ ಮೇಲೆ ನಿಂತು, ಹಿಂದೆ ಮುಂದೆ ನೋಡಿಕೊಂಡು. ಅದನ್ನೂ ಹೇಳಿದೆ. ಒಬ್ಬಳು ಕಣ್ಣು ಒರೆಸಿಕೊಂಡಳು. ನನಗೆ ಸಂತೋಷವಾಯಿತು — ಹೌದು, ಸಂತೋಷ. ಪರರ ಎದೆಯೊಳಗಿನದನ್ನು ತೆಗೆದು ನನ್ನ ಬಟ್ಟಲಿಗೆ ಬಡಿಸಿಕೊಂಡು ಉಣ್ಣುತ್ತಿದ್ದೆ, ಅದಕ್ಕೆ ಪ್ರಾರ್ಥನೆ ಎಂದು ಹೆಸರು ಕೊಟ್ಟಿದ್ದೆ.

ಈಸ್ಟರ್‌ಗೆ ಇನ್ನು ಹನ್ನೊಂದು ದಿನ ಇರುವಾಗ, ಐದನೆಯ ಬುಧವಾರ, ಜೆಸಿಂತಾ ಬಾಯಿ ನಗುನಗುತ್ತ ಬಾಗಿಲು ತೆರೆದಳು. ಅವಳ ಗಂಡ ನಮ್ಮ ಸೈಟಿಗೆ ಬಸ್ಸು ಒದಗಿಸುವ ಕಂಪನಿಯಲ್ಲಿದ್ದ, ಒಳ್ಳೆಯ ಮನುಷ್ಯ, ಎಲ್ಲರ ಹೆಗಲ ಮೇಲೂ ಕೈ ಹಾಕಿ ಮಾತಾಡುವವನು. "ನಿನ್ನೆ ಇವರು ನಿಮ್ಮ ಕಂಪನಿಯ ಮ್ಯಾನೇಜರಿಗೆ ಸಿಕ್ಕಿದ್ದರಂತೆ ಬಾಯಿ. ನಿಮ್ಮ ಗಾವ್ ನಮ್ಮವರಾಗ್ತಾರಲ್ಲ, ಕಂಗ್ರಾಚುಲೇಷನ್ಸ್ ಅಂತ ಕೈ ಕುಲುಕಿದರಂತೆ!"

ನಾನು ಏನು ಹೇಳಿದೆ? "ಓ, ಹೌದಾ" ಎಂದೆ. ಚಹಾ ಕುಡಿದೆ. ಗಾವ್‌ಗೆ ಫೋನ್ ಮಾಡಿ ಎಚ್ಚರಿಸಬಹುದಿತ್ತು — ಗುರುವಾರ ಇತ್ತು, ಶುಕ್ರವಾರ ಇತ್ತು, ಶನಿವಾರ ಇತ್ತು. ಎಚ್ಚರಿಸಿದರೆ ನಾನೇ ಎಂದು ಗೊತ್ತಾಗುತ್ತಿತ್ತು. ಮೂರು ದಿನ ಸುಮ್ಮನಿದ್ದೆ.

ಭಾನುವಾರ ಅವರನ್ನು ಒಳಗೆ ಕರೆದರು. ಬುಧವಾರಕ್ಕೆ ಟಿಕೆಟ್. ಚೀನಾದ ಆಫೀಸಿಗೆ ವರ್ಗ ಎಂದು ಕಾಗದದಲ್ಲಿತ್ತು, ಕಾರಣ ಇರಲಿಲ್ಲ. ಅವರ ಕೈಯಲ್ಲಿದ್ದ ನಕ್ಷೆಗಳನ್ನೆಲ್ಲ ವಾಪಸು ಪಡೆದು ಸಹಿ ಹಾಕಿಸಿಕೊಳ್ಳಬೇಕಾದವಳು ನಾನೇ. ಒಂದೊಂದಾಗಿ ಎಣಿಸಿ ಕೊಟ್ಟರು, ಸಹಿ ಹಾಕಿದರು. ಅವರ ಅಕ್ಷರ ಯಾವತ್ತಿನಷ್ಟೇ ನೆಟ್ಟಗಿತ್ತು. ಪೆನ್ನು ಹಿಂದಕ್ಕೆ ಕೊಡುತ್ತ ಹೇಳಿದ್ದು ಒಂದೇ ಮಾತು.

"ನನಗಾಗಿ ಪ್ರಾರ್ಥಿಸಿ, ಹಿಲ್ಡಾ ಜಿಮೇ."

ಆ ಶುಕ್ರವಾರ ಕೋಣೆಯಲ್ಲಿ ಯಾರೂ ಹಾಡಲಿಲ್ಲ. ಅವರಿಗೆ ಇಂಥದ್ದು ಹೊಸತಲ್ಲ ಎಂದು ಆ ದಿನ ತಿಳಿಯಿತು. ಚೀನಾದಲ್ಲಿ ಗುಟ್ಟಾಗಿ ಮನೆಗಳಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದಾಗ ಜೊತೆಗೇ ಕೂತು ಉಂಡವರೇ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ್ದನ್ನು ಕಂಡವರು ಅಲ್ಲಿದ್ದರು. ಒಬ್ಬ ವಯಸ್ಸಾದವರು ಮಿನ್‌ಳ ಪುಸ್ತಕವನ್ನೇ ನೋಡುತ್ತಿದ್ದರು. ಸಿಸ್ಟರ್ ಜೋ ನಮ್ಮಿಬ್ಬರನ್ನೂ ಎಲ್ಲರ ಎದುರು ನಿಲ್ಲಿಸಿ ಕೇಳಿದಳು. ಮೊದಲು ಚೀನೀ ಭಾಷೆಯಲ್ಲಿ ಮಿನ್‌ಳನ್ನು, ಆಮೇಲೆ ಇಂಗ್ಲಿಷಿನಲ್ಲಿ ನನ್ನನ್ನು. "ನೀವು ಯಾರಿಗಾದರೂ ಹೇಳಿದ್ದೀರಾ?"

ಮಿನ್ ಇಲ್ಲ ಎನ್ನುವಾಗ ಅವಳ ಮುಖವೆಲ್ಲ ಕೆಂಪಾಯಿತು, ಮಾತು ತೊದಲಿತು. ಸತ್ಯ ಹೇಳುವವರಿಗೆ ಹಾಗಾಗುತ್ತದೆ. ನನಗೆ ಏನೂ ಆಗಲಿಲ್ಲ.

"ಇಲ್ಲ," ಎಂದೆ. "ನಾನು ಪ್ರಾರ್ಥಿಸಿದ್ದೇನೆ ಅಷ್ಟೆ."

ನಂಬಿದರು. ಯಾಕೆ ನಂಬುವುದಿಲ್ಲ? ನಾನು ಹೊರಗಿನವಳು, ತಲೆ ನರೆತವಳು, ಹಣೆಗೆ ಬೂದಿ ಬಳಿದುಕೊಂಡು ಆಫೀಸಿಗೆ ಹೋಗುವ ಧೈರ್ಯವಿದ್ದವಳು. ಮಿನ್ ಹೊಸಬಳು, ಸಿಬ್ಬಂದಿ ವಿಭಾಗದವಳು, ಎಲ್ಲವನ್ನೂ ಬರೆದುಕೊಳ್ಳುವವಳು. ಲೆಕ್ಕ ಸರಿಹೊಂದಿತ್ತು. ಅವರು ಅವಳನ್ನು ಬೈಯಲಿಲ್ಲ, ಹೊರಗೆ ಹೋಗು ಎನ್ನಲಿಲ್ಲ. ಮುಂದಿನ ವಾರದಿಂದ ಸಭೆಯನ್ನು ಬೆಳಿಗ್ಗೆ ಏಳಕ್ಕೆ ಬದಲಾಯಿಸಿದರು, ಅವಳೊಬ್ಬಳಿಗೆ ತಿಳಿಸಲಿಲ್ಲ. ಅಷ್ಟೆ.

ನನಗೆ ತಿಳಿಸಿದ್ದರು. ಹೋದೆ. ಕೂತೆ. ಉಂಡೆ. ಮಧ್ಯಾಹ್ನ ಎರಡಕ್ಕೆ ನನ್ನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ ಮಿನ್‌ಳ ಫೋನ್ ಬಂತು.

"ಹಿಲ್ಡಾ ಜಿಮೇ, ಬಾಗಿಲಿಗೆ ಬೀಗ ಇದೆ. ಇವತ್ತು ಯಾರೂ ಬರಲಿಲ್ಲವಾ?"

"ನನಗೂ ಗೊತ್ತಿಲ್ಲಮ್ಮ. ನಾನೂ ಹೋಗಲಿಲ್ಲ."

ಮೊದಲ ಸುಳ್ಳು ಹೆದರಿಕೆಯದು. ಎರಡನೆಯದು — ಅದಕ್ಕೆ ಯಾವ ಹೆಸರಿಡಲಿ? ಆಗ ನನ್ನನ್ನು ಯಾರೂ ಮೂಲೆಗೆ ತಳ್ಳಿರಲಿಲ್ಲ. ಅವಳೊಬ್ಬಳೇ ಬಿಸಿಲಿನಲ್ಲಿ ಬೀಗದ ಮುಂದೆ ನಿಂತಿದ್ದಳು, ಅವಳು ನಂಬುತ್ತಿದ್ದದ್ದು ನನ್ನೊಬ್ಬಳ ಮಾತನ್ನೇ. ಇನ್ನೂ ಎರಡು ಶುಕ್ರವಾರ ಅವಳು ಬಂದು ಬೀಗ ನೋಡಿ ಹೋದಳೆಂದು ಗೇಟಿನ ನೇಪಾಳಿ ಕಾವಲುಗಾರ ಆಮೇಲೆ ಹೇಳಿದ. ಅವಳ ದೀಕ್ಷಾಸ್ನಾನವೂ ಆಗಲಿಲ್ಲ. ಎರಡು ತಿಂಗಳಲ್ಲಿ ಕೆಲಸ ಬಿಟ್ಟು ಹಮದ್ ಬಂದರಿನ ಕಡೆ ಯಾವುದೋ ಸರಕು ಕಂಪನಿ ಸೇರಿದಳು. ನಾನೂ ಚೀನೀಯರ ಕೋಣೆಗೆ ಹೋಗುವುದನ್ನು ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದೆ. ಮೊಣಕಾಲು ನೋವು ಎಂದೆ, ಅವರು ಪಾಪ ಒಂದು ಔಷಧದ ಎಣ್ಣೆ ಕಳಿಸಿದರು. ಗುರುಗಳ ಬಳಿ ಪಾಪನಿವೇದನೆಗೆ ಹೋದಾಗ "ಕೆಲವು ಸಲ ಸುಳ್ಳು ಹೇಳಿದ್ದೇನೆ" ಎಂದೆ. ಎಲ್ಲರೂ ಹೇಳುತ್ತಾರಲ್ಲ, ಹಾಗೆ. ಅಲ್ಲೂ ಮುಚ್ಚಿಟ್ಟೆ.

ಈ ವರ್ಷ, ಎರಡು ತಿಂಗಳ ಹಿಂದೆ, ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವಳು ಮಿನ್. ತೆಳ್ಳಗಾಗಿದ್ದಳು. ನನ್ನನ್ನು ಕಂಡು ಎದ್ದು ಹೋಗಬಹುದಿತ್ತು. ಬದಲಿಗೆ ನನ್ನ ಕೈ ಹಿಡಿದುಕೊಂಡಳು — ನಾನೊಬ್ಬಳು ಅವಳಿಗೆ ಕೆಟ್ಟದ್ದು ಮಾಡಲಿಲ್ಲವಂತೆ! ಈಗ ಯಾವ ಚರ್ಚಿಗೂ ಹೋಗುವುದಿಲ್ಲ ಎಂದಳು. ಆಮೇಲೆ, ತನ್ನಷ್ಟಕ್ಕೇ ಹೇಳಿಕೊಳ್ಳುವ ಹಾಗೆ:

"ನಾನೇ ಹೇಳಿದೆನೋ ಏನೋ. ಆಗ ದಿನಾ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ. ಮಾತಿನ ನಡುವೆ ಎಲ್ಲೋ ಬಾಯಿ ಬಿಟ್ಟಿರಬೇಕು, ಯಾರೋ ಕೇಳಿಸಿಕೊಂಡಿರಬೇಕು. ಎಷ್ಟು ನೆನಪು ಮಾಡಿಕೊಂಡರೂ ಸಿಗುವುದಿಲ್ಲ. ಆದರೆ ನಾನಲ್ಲದಿದ್ದರೆ ಮತ್ತೆ ಯಾರು? ಈಗ ಅಮ್ಮನಿಗೆ ಫೋನ್ ಮಾಡುವುದಿಲ್ಲ. ಹಬ್ಬಕ್ಕೆ ಮೆಸೇಜ್ ಹಾಕುತ್ತೇನೆ, ಆರೋಗ್ಯ ನೋಡಿಕೋ ಅಂತ."

ಅವಳ ಮೇಲೆ ಬೇರೆಯವರು ಅನುಮಾನಪಟ್ಟದ್ದು ನನಗೆ ಗೊತ್ತಿತ್ತು. ಅವಳು ತನ್ನ ಮೇಲೆ ತಾನೇ ಅನುಮಾನಪಡುತ್ತಾಳೆಂದು — ತನ್ನ ನಾಲಿಗೆಗೆ ತಾನೇ ಹೆದರಿ ತಾಯಿಯನ್ನೂ ಬಿಟ್ಟಳೆಂದು — ನಾನು ಎಂದೂ ಎಣಿಸಿರಲಿಲ್ಲ. ಹೇಳಲು ಬಾಯಿ ತೆರೆದೆ. ನನ್ನ ಟೋಕನ್ ನಂಬರ್ ಕರೆದರು. ಎದ್ದು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವಳಿರಲಿಲ್ಲ, ಕುರ್ಚಿಯ ಮೇಲೆ ನನಗಾಗಿ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದಿಟ್ಟಿದ್ದಳು. ಅಲ್ಲಿಂದ ಬಂದು ಏಳು ವಾರ ಆ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಅದನ್ನೂ ಬರೆದುಬಿಡುತ್ತೇನೆ. ಏಳು ವಾರ.

ಹೋದ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಚೀನೀಯರ ಕೋಣೆಗೆ ಹೋದೆ. ಇಪ್ಪತ್ತು ಜನರಿದ್ದ ಕಡೆ ಒಂಬತ್ತು ಜನ. ಒಮ್ಮೆ ಅನುಮಾನ ಹೊಕ್ಕ ಮೇಲೆ ಒಬ್ಬೊಬ್ಬರೇ ಬಿಟ್ಟು ಹೋದರಂತೆ. ಹಾಡಿಗೆ ಮೊದಲೇ ನಿಂತು ಹೇಳಿದೆ. ನಾನು ಒಂದು ವಾಕ್ಯ ಹೇಳುವುದು, ಸಿಸ್ಟರ್ ಜೋ ಅದನ್ನು ಅವರ ಭಾಷೆಗೆ ತಿರುಗಿಸುವುದು. ನನ್ನ ಪಾಪವನ್ನು ಅವಳ ಬಾಯಿಂದ ಹೇಳಿಸಿದ ಹಾಗಾಯಿತು. "ಮಿನ್ ಯಾರಿಗೂ ಹೇಳಿರಲಿಲ್ಲ, ನಾನು ಹೇಳಿದ್ದು" ಎಂಬಲ್ಲಿ ಅವಳು ತಿರುಗಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಅದನ್ನೂ ಹೇಳಿದಳು. ಪುಸ್ತಕವನ್ನೇ ನೋಡಿದ್ದ ಆ ಹಿರಿಯರು ಮುಖ ಮುಚ್ಚಿಕೊಂಡು ಅತ್ತರು. ಯಾರೂ ನನ್ನನ್ನು ಬೈಯಲಿಲ್ಲ. ಚೀಟಿ ಕೊಟ್ಟೆ. "ನಾವು ಅವಳ ಬಳಿ ಹೋಗುತ್ತೇವೆ. ನೀವು ಬರಬೇಡಿ," ಎಂದಳು ಸಿಸ್ಟರ್ ಜೋ. ಒಂಬತ್ತು ಜನ ಎರಡು ಕಾರಿನಲ್ಲಿ ಹೋದರು. ಸಾರಿನ ಪಾತ್ರೆ ಒಲೆಯ ಮೇಲೆ ಹಾಗೇ ಇತ್ತು, ಒಲೆ ಆರಿಸಿ ಬಾಗಿಲು ಎಳೆದುಕೊಂಡು ಬಂದೆ.

ಬುಧವಾರ ಜೆಸಿಂತಾ ಬಾಯಿಯ ಮನೆಯಲ್ಲೂ ಹೇಳಿದೆ. ಅವಳು, "ಅಯ್ಯೋ ಬಾಯಿ, ಒಳ್ಳೆ ಮನಸ್ಸಿನಿಂದ ಮಾಡಿದ್ದಲ್ಲವಾ ನಾವು" ಎಂದು ಕಣ್ಣೀರು ಹಾಕಿದಳು. ಅವಳದ್ದು ಒಳ್ಳೆಯ ಮನಸ್ಸೇ ಇದ್ದೀತು. ನನ್ನದಲ್ಲ ಎಂದೆ. ಅಲ್ಲಿಗೆ ಇನ್ನು ನಾನು ಹೋಗುವುದಿಲ್ಲ. ಗಾವ್ ಎಲ್ಲಿದ್ದಾರೆ, ಅವರ ದೀಕ್ಷಾಸ್ನಾನ ಆಯಿತೋ ಇಲ್ಲವೋ, ಅವರ ಹೆಂಡತಿಗೆ ವಿಷಯ ಯಾರಿಂದ ತಿಳಿಯಿತು — ನನಗೆ ಗೊತ್ತಿಲ್ಲ. ಅವರನ್ನು ಹುಡುಕುವುದು ಬೇಡ, ಹುಡುಕಿದರೆ ಅವರಿಗೇ ತೊಂದರೆ ಎಂದು ಸಿಸ್ಟರ್ ಜೋ ಹೇಳಿ ಕಳಿಸಿದ್ದಾಳೆ. ಕ್ಷಮೆ ಕೇಳುವುದಕ್ಕೂ ಅವರ ಬಾಗಿಲಿಗೆ ಹೋಗುವ ಹಕ್ಕು ನನಗೆ ಉಳಿದಿಲ್ಲ.

ನಿನ್ನೆ ಮಿನ್‌ಳಿಂದ ಒಂದು ಮೆಸೇಜ್ ಬಂತು.

"ಇವತ್ತು ಅಮ್ಮನಿಗೆ ಫೋನ್ ಮಾಡಿದೆ. ಎರಡು ಗಂಟೆ ಮಾತಾಡಿದೆವು. ದಯವಿಟ್ಟು ನೀವು ನನಗೆ ಫೋನ್ ಮಾಡಬೇಡಿ."

ಮಾಡುವುದಿಲ್ಲ.